ಗುಡ್ಡ ಗುತ್ತಿಗೆಗೆ ಕೊಡುವ ಮೊದಲು ಒಂದ್ಸಲ ಹತ್ತಿ ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಯಾಕಂದ್ರೆ ಕೇಳುವ ಮಾತು ಒಂದೇ. ಒಂದು ಗುಡ್ಡವನ್ನು ಕಲ್ಲು ಕ್ವಾರಿಗೆ ಗುತ್ತಿಗೆ ಕೊಡುವ ಮೊದಲು ಆ ಗುಡ್ಡದಲ್ಲಿ ಏನಿದೆ ಅಂತ ಯಾರಾದರೂ ಹತ್ತಿ ನೋಡಬೇಕು. ನೋಡಿದ್ದನ್ನು ಬರೆದಿಡಬೇಕು. ಬರೆದದ್ದನ್ನು ಊರಿನವರ ಮುಂದೆ ಇಡಬೇಕು. ಆಮೇಲೆ ಗುತ್ತಿಗೆಯ ಮಾತು. ಈಗ ಆಗುತ್ತಿರುವುದು ಇದರ ಉಲ್ಟಾ. ಮೊದಲು ಹಿಟಾಚಿ ಬರುತ್ತದೆ, ಬ್ಲಾಸ್ಟಿಂಗ್ ಶುರುವಾಗುತ್ತದೆ, ಅರ್ಧ ಗುಡ್ಡ ಜಲ್ಲಿಯಾಗಿ ಟಿಪ್ಪರ್ ಹತ್ತಿ ಹೋದ ಮೇಲೆ ಯಾರೋ ಒಬ್ಬರು ಅಲ್ಲಿ ಹಳೇ ಕಾಲದ ಚಿತ್ರ ಇತ್ತಂತೆ, ಕರಡಿ ಗವಿ ಇತ್ತಂತೆ ಅಂತ ಹೇಳುತ್ತಾರೆ. ಇದನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ.

ಇದು ಹೇಗೆ ನಡೆಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಎಷ್ಟೋ ಗುಡ್ಡ ಅರಣ್ಯ ಇಲಾಖೆಯದ್ದಲ್ಲ, ಕಂದಾಯ ಇಲಾಖೆಯದ್ದು. ಪಹಣಿ ತೆಗೆದರೆ ಸರ್ಕಾರಿ ಗುಡ್ಡ, ಖರಾಬು, ಇಲ್ಲವೇ ಗಾಯರಾಣ (ದನ ಮೇಯುವ ಜಾಗ) ಅಂತ ಇರುತ್ತದೆ. ಉಳುಮೆಗೆ ಬರುವುದಿಲ್ಲ, ಕಂದಾಯ ಬರುವುದಿಲ್ಲ, ಹಾಗಾಗಿ ಕಡತದ ಮಟ್ಟಿಗೆ ಅಲ್ಲಿ ಏನೂ ಇಲ್ಲ. ಅರ್ಜಿ ಬಂತು ಅಂದ್ರೆ ಸ್ಥಳ ಪರಿಶೀಲನೆಗೆ ಬಂದವರು ಗುಡ್ಡದ ಬುಡದಲ್ಲಿ ನಿಂತು ನೋಡುತ್ತಾರೆ. ಹತ್ತಿರದಲ್ಲಿ ಮನೆ ಇಲ್ಲ, ರಸ್ತೆ ಇಲ್ಲ, ದೊಡ್ಡ ಮರಗಳಿಲ್ಲ, ಬರೀ ಬಂಡೆ ಅಂತ ವರದಿ ಹೋಗುತ್ತದೆ. ನಿರಾಕ್ಷೇಪಣಾ ಪತ್ರ ಬರುತ್ತದೆ. ಎಲ್ಲವೂ ನಿಯಮದ ಪ್ರಕಾರವೇ ಆಗಿರುತ್ತದೆ, ಅದೇ ನನಗೆ ಜಾಸ್ತಿ ಸಂಕಟ. ಕಳ್ಳತನದ ಕ್ವಾರಿ ಆದರೆ ದೂರು ಕೊಡಬಹುದು. ಯಾರೂ ಹತ್ತಿ ನೋಡದೆ ಸಹಿ ಬಿದ್ದ ಕ್ವಾರಿಯ ಮೇಲೆ ಯಾರಿಗೆ ದೂರು ಕೊಡುವುದು?

ಬಂಡೆ ಬಿಟ್ಟರೆ ಏನೂ ಇಲ್ಲ ಅನ್ನುವ ಗುಡ್ಡದಲ್ಲಿ ಏನಿರಬಹುದು ಅಂತ ಕೇಳಿದರೆ ನಾನು ಮೊದಲು ಬಳ್ಳಾರಿ ಊರಿಗೆ ಅಂಟಿಕೊಂಡೇ ಇರುವ ಸಂಗನಕಲ್ಲಿನ ಹಿರೇಗುಡ್ಡವನ್ನು ತೋರಿಸುತ್ತೇನೆ. ಬಳ್ಳಾರಿ ಜಿಲ್ಲಾಧಿಕಾರಿಗಳೇ, ನಿಮ್ಮ ಕಚೇರಿಯಿಂದ ಅರ್ಧ ಗಂಟೆಯ ದಾರಿ ಕೂಡ ಅಲ್ಲ. ಕೆಳಗಿನಿಂದ ನೋಡಿದರೆ ಬೂದು ಬಣ್ಣದ ಗ್ರಾನೈಟ್ ಗುಂಡುಗಳ ರಾಶಿ. ಆದರೆ ಮೇಲೆ ಒಂದು ಕಪ್ಪು ಗೆರೆ ಕಾಣುತ್ತದೆ. ಅದು ಡಾಲರೈಟ್. ಭೂಮಿಯ ಒಳಗಿನ ಕಾದ ಶಿಲಾರಸ ಗ್ರಾನೈಟಿನ ಬಿರುಕಿನಲ್ಲಿ ಮೇಲೆ ನುಗ್ಗಿ ಅಲ್ಲೇ ತಣ್ಣಗಾಗಿ ಗಟ್ಟಿಯಾದದ್ದು. ಸುತ್ತಲಿನ ಗ್ರಾನೈಟಿಗಿಂತ ಇದು ಬೇರೆ ಗುಣದ ಕಲ್ಲು, ಕಣ ಸಣ್ಣದು, ಒಡೆದರೆ ಅಂಚು ಚೂಪು. ಹೊಸ ಶಿಲಾಯುಗದ ಜನ ಇದನ್ನು ಕಂಡುಕೊಂಡು, ಇಲ್ಲಿಯೇ ಕೂತು ಕಲ್ಲಿನ ಕೊಡಲಿ ಮಾಡಿದರು. ಒಂದೆರಡಲ್ಲ, ದೊಡ್ಡ ಕಾರ್ಖಾನೆಯೇ ಇಲ್ಲಿತ್ತು. ಗುಡ್ಡದ ಮೇಲೆ ನಡೆದರೆ ಇವತ್ತಿಗೂ ಕಾಲಿಗೆ ಸಿಗುವ ಕಪ್ಪು ಚಕ್ಕೆಗಳು ಅವರು ಕೊಡಲಿ ಕೆತ್ತುವಾಗ ಉದುರಿದವು.

ಅದೇ ಕಪ್ಪು ಬಂಡೆಗಳ ಮೇಲೆ ಚಿತ್ರಗಳಿವೆ. ಬಣ್ಣದ ಚಿತ್ರ ಅಲ್ಲ, ಕಲ್ಲಿನಿಂದ ಕಲ್ಲಿಗೆ ಕುಟ್ಟಿ ಕುಟ್ಟಿ ಮೇಲಿನ ಪದರ ತೆಗೆದು ಮೂಡಿಸಿದ್ದು. ಉದ್ದ ಕೊಂಬಿನ, ಹಿಣಿಲು ಇರುವ ಎತ್ತುಗಳು ಜಾಸ್ತಿ. ಮನುಷ್ಯರೂ ಇದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಹೋದರೆ ಏನೂ ಕಾಣುವುದಿಲ್ಲ, ಬೆಳಗಿನ ಓರೆ ಬಿಸಿಲು ಬಿದ್ದಾಗ ಎತ್ತುಗಳು ಎದ್ದು ಕಾಣುತ್ತವೆ. ಇನ್ನು ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಸಣ್ಣ ಗುಳಿಗಳಿವೆ. ಆ ಗುಳಿಯಲ್ಲಿ ಇನ್ನೊಂದು ಕಲ್ಲಿನಿಂದ ಹೊಡೆದರೆ ಬಂಡೆ ಠಣ್ ಅಂತ ಲೋಹದ ಹಾಗೆ ಸದ್ದು ಮಾಡುತ್ತದೆ. ಸಾವಿರಾರು ವರ್ಷ ಹಿಂದೆ ಯಾರೋ ಅಲ್ಲೇ ಮತ್ತೆ ಮತ್ತೆ ಹೊಡೆದದ್ದರಿಂದಲೇ ಗುಳಿ ಬಿದ್ದಿರುವುದು. ಅಗೆತದಲ್ಲಿ ಸಂಗನಕಲ್ಲಿನಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರಳಿ ಇತ್ತು, ಹೆಸರು ಇತ್ತು, ಕೊರಲೆ ಇತ್ತು. ನಾವು ಇವತ್ತು ತಿನ್ನುವ ಹುರಳಿಯನ್ನೇ ಅವರೂ ಬೆಳೆದು ತಿಂದರು.

ಈ ಗುಡ್ಡಕ್ಕೂ ಕಲ್ಲು ಒಡೆಯುವವರು ಬಂದಿದ್ದರು. ಚಿತ್ರಗಳಿದ್ದ ಬಂಡೆಗಳೂ ಪೆಟ್ಟು ತಿಂದಿವೆ. 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಓಡಾಡಿ ಬರೆದಿಟ್ಟ ಜಾಗ, ಜಗತ್ತಿನ ಪುರಾತತ್ವದವರಿಗೆಲ್ಲ ಹೆಸರು ಗೊತ್ತಿರುವ ಜಾಗ, ಫೂಟ್ ಅವರ ಹೆಸರಿನಲ್ಲಿ ಬಳ್ಳಾರಿಯಲ್ಲಿ ಒಂದು ವಸ್ತು ಸಂಗ್ರಹಾಲಯವೇ ಇದೆ. ಇಷ್ಟೆಲ್ಲ ಹೆಸರಿದ್ದ ಗುಡ್ಡಕ್ಕೇ ಈ ಗತಿ ಆದ ಮೇಲೆ, ಯಾವ ಪುಸ್ತಕದಲ್ಲೂ ಹೆಸರಿಲ್ಲದ, ಊರಿನವರು ಮಾತ್ರ ಕರೆಯುವ ಹೆಸರಿನ ಗುಡ್ಡಗಳ ಪಾಡು ಏನು, ಯೋಚಿಸಿ ನೋಡಿ.

ಹೆಸರಿಲ್ಲದ ಗುಡ್ಡಗಳ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ರಾಯಚೂರು ಜಿಲ್ಲೆಯ ಮಸ್ಕಿ. ಅಲ್ಲಿನ ಗುಡ್ಡದ ಬಂಡೆಯಲ್ಲಿ ಅಶೋಕನ ಶಾಸನ ಇದೆ ಅಂತ 1915ರವರೆಗೆ ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಂಡವರು ಬೀಡನ್ ಅನ್ನುವ ಒಬ್ಬ ಗಣಿ ಎಂಜಿನಿಯರ್, ಚಿನ್ನ ಹುಡುಕಿಕೊಂಡು ಬಂದವರು. ದೇವಾನಾಂಪ್ರಿಯ ಅಂತ ಬೇರೆ ಶಾಸನಗಳಲ್ಲಿ ಇರುವ ರಾಜ ಅಶೋಕನೇ ಅಂತ ಖಚಿತವಾದದ್ದು ಈ ಶಾಸನದಿಂದ, ಯಾಕಂದ್ರೆ ಇಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಇಡೀ ದೇಶದ ಚರಿತ್ರೆಗೆ ಬೇಕಾದ ಒಂದು ಹೆಸರು ನಮ್ಮ ರಾಯಚೂರು ಸೀಮೆಯ ಒಂದು ಕಲ್ಲುಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾದಿತ್ತು. ಆ ಗುಡ್ಡಕ್ಕೆ 1910ರಲ್ಲಿ ಒಂದು ಕ್ರಷರ್ ಬಂದಿದ್ದರೆ?

ಗಂಗಾವತಿ ಹತ್ತಿರದ ಹಿರೇಬೆಣಕಲ್ ಕಥೆಯೂ ಕೇಳಿ. ಊರಿನವರು ಮೊರೇರ ಗುಡ್ಡ ಅನ್ನುತ್ತಾರೆ. ಸುಮಾರು 400 ಬೃಹತ್ ಶಿಲಾ ಸಮಾಧಿಗಳು ಅಲ್ಲಿವೆ. ಕೆಲವು ಮನೆಯ ಹಾಗೆ ನಿಂತಿವೆ, ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಚಪ್ಪಡಿಗೆ ದುಂಡನೆಯ ಕಿಂಡಿ. ಬಂಡೆಯ ಮೇಲೆ ದೊಡ್ಡ ನಗಾರಿಯಂಥ ಕಲ್ಲೊಂದಿದೆ, ಹೊಡೆದರೆ ದೂರಕ್ಕೆ ಕೇಳುತ್ತದೆ. ಆ ಚಪ್ಪಡಿಗಳನ್ನು ಎಲ್ಲಿಂದಲೋ ತಂದದ್ದಲ್ಲ. ಅದೇ ಗುಡ್ಡದ ಬಂಡೆ ಪದರ ಪದರವಾಗಿ ಏಳುತ್ತದೆ, ಅದನ್ನೇ ಎಬ್ಬಿಸಿ ತೆಗೆದದ್ದು. ಕಲ್ಲು ತೆಗೆದ ತಗ್ಗಿನಲ್ಲಿ ಈಗಲೂ ನೀರು ನಿಲ್ಲುತ್ತದೆ. ಇದು 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಸಂತೋಷ. ಆದರೆ ಪಟ್ಟಿ ಸೇರಿದ್ದು ಒಂದು ಗುಡ್ಡ. ಅದರ ಸುತ್ತಲಿನ ಗುಡ್ಡಗಳಲ್ಲಿ ಏನೇನಿದೆ ಅಂತ ಕುರಿಗಾಹಿಗಳನ್ನು ಕೇಳಿ ನೋಡಿ, ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳ ಗವಿ ತೋರಿಸುತ್ತಾರೆ. ಸರ್ಕಾರದ ಯಾವ ಕಾಗದದಲ್ಲೂ ಇಲ್ಲದ್ದು ಅವರಿಗೆ ಬಾಯಿಪಾಠ.

ಇದೆಲ್ಲ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ ಅಂತ ನೀವು ಹೇಳಬಹುದು. ರಕ್ಷಿತ ಸ್ಮಾರಕ ಅಂತ ಘೋಷಣೆ ಆಗಿದ್ದರೆ ಕೇಂದ್ರದ 1958ರ ಕಾಯ್ದೆ ಪ್ರಕಾರ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಘೋಷಣೆ ಆಗದಿದ್ದರೆ ಏನೂ ಇಲ್ಲ. ಇನ್ನು ಬಂಡೆಯೇ ಮುಖ್ಯವಾದ ಜಾಗ, ಅಂದ್ರೆ ಭೂವಿಜ್ಞಾನದ ದೃಷ್ಟಿಯಿಂದ ಬೆಲೆ ಇರುವ ಜಾಗ, ಅದಕ್ಕೆ ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. 2022ರಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತು, ಅದು ಕರಡಾಗಿಯೇ ಉಳಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದು ಕರ್ನಾಟಕದಲ್ಲಿ ನಾಲ್ಕು: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಚಿನ್ನದ ಗಣಿ ಸೀಮೆ. ನಮ್ಮ ಮೂರು ಜಿಲ್ಲೆಯಿಂದ ಒಂದೂ ಇಲ್ಲ. ಸಂಡೂರಿನ ಕಬ್ಬಿಣದ ಪಟ್ಟೆಕಲ್ಲು, ಹಟ್ಟಿಯ ಚಿನ್ನ ಹೊತ್ತ ಕಲ್ಲು, ರಾಮನಗರದಿಂದ ಇಲ್ಲಿಯವರೆಗೆ ನೂರಾರು ಕಿಲೋಮೀಟರ್ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟ್, ಇವೆಲ್ಲ ಸುಮಾರು 250 ಕೋಟಿ ವರ್ಷದಷ್ಟು, ಅದಕ್ಕೂ ಹಳೆಯ ಕಲ್ಲುಗಳು. ಓದುವ ಹುಡುಗರಿಗೆ ತೋರಿಸಲು ಇಂಥ ಒಂದು ಬಂಡೆಯನ್ನಾದರೂ ಬೇಲಿ ಹಾಕಿ ಉಳಿಸಬಾರದೇ?

ಕಲ್ಲಿನ ಬಗ್ಗೆ ಇಷ್ಟು ಹೇಳಿದ ಮೇಲೆ ಪ್ರಾಣಿಗಳ ಮಾತಿಗೆ ಬರುತ್ತೇನೆ, ಆದರೆ ಅದೂ ಕಲ್ಲಿನದೇ ಮಾತು. ನಮ್ಮ ಕಡೆಯ ಗುಂಡುಕಲ್ಲು ಹೇಗೆ ಗುಂಡಾಯಿತು ಗೊತ್ತಾ? ಯಾರೂ ಉರುಳಿಸಿ ತಂದು ಇಟ್ಟದ್ದಲ್ಲ. ಗ್ರಾನೈಟಿನಲ್ಲಿ ಅಡ್ಡ ಉದ್ದ ಬಿರುಕುಗಳಿರುತ್ತವೆ. ಮಣ್ಣಿನೊಳಗೇ ಇದ್ದಾಗ ಆ ಬಿರುಕಿಗೆ ನೀರು ಇಳಿಯುತ್ತದೆ, ಮೂಲೆಗಳು ಮೊದಲು ಕೊಳೆಯುತ್ತವೆ, ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪದರ ಕಳಚುತ್ತಾ ನಡುವಿನ ಗಟ್ಟಿ ಭಾಗ ದುಂಡಗಾಗುತ್ತದೆ. ಮೇಲಿನ ಮಣ್ಣು ಮಳೆಗೆ ಹರಿದು ಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕೂತಲ್ಲೇ ಉಳಿಯುತ್ತವೆ. ಅವುಗಳ ನಡುವೆ ಉಳಿದ ಸಂದಿಯೇ ಗವಿ. ಹೊರಗೆ ಮೇ ತಿಂಗಳಲ್ಲಿ ಕಾಲಿಡಲಾಗದ ಬಿಸಿಲು ಇದ್ದಾಗ ಒಳಗೆ ತಂಪು. ಕರಡಿ ಮರಿ ಹಾಕುವುದು ಅಲ್ಲಿ. ಚಿರತೆ ಮಲಗುವುದು ಅಲ್ಲಿ. ಮುಳ್ಳುಹಂದಿ, ಕೊಂಬಿನ ಗೂಬೆ, ಹೆಬ್ಬಾವು, ಬಾವಲಿ ಎಲ್ಲಕ್ಕೂ ಅದೇ ಆಸರೆ. ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ, ದಕ್ಷಿಣ ಭಾರತದ ಇಂಥ ಕುರುಚಲು ಕಲ್ಲುಗುಡ್ಡ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಒಂದು ಗವಿಯಲ್ಲಿ ಬದುಕಿರುವ ಎಲೆಮೂಗಿನ ಬಾವಲಿಯ ವಿಷಯ ನೀವು ಓದಿರಬಹುದು. ಅದು ಕೂಡ ಗ್ರಾನೈಟ್ ಗವಿ, ಅಲ್ಲೂ ಕ್ವಾರಿಯ ಕಾಟ ಇತ್ತು. ನಮ್ಮ ಗವಿಗಳಲ್ಲಿ ಯಾವ ಬಾವಲಿ ಇದೆ ಅಂತ ಎಷ್ಟು ಜನ ಟಾರ್ಚ್ ಹಿಡಿದು ನೋಡಿದ್ದಾರೆ?

ಕರಡಿಗಾಗಿ ದರೋಜಿ ಧಾಮ 1994ರಲ್ಲಿ ಆಯಿತು, ನಂತರ ವಿಸ್ತಾರವೂ ಆಯಿತು, ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಕರಡಿಗಳೆಲ್ಲ ಧಾಮದ ಒಳಗೇ ಇಲ್ಲ. ಕೊಪ್ಪಳ, ಗಂಗಾವತಿ, ಕನಕಗಿರಿ ಕಡೆಯ ರೈತರನ್ನು ಕೇಳಿ. ಗುಡ್ಡದಲ್ಲಿ ಬಾರೆ ಹಣ್ಣು, ಕಾರೆ ಹಣ್ಣು, ಸೀತಾಫಲ, ಗೆದ್ದಲು ಹುತ್ತ ಇರುವವರೆಗೆ ಕರಡಿ ಗುಡ್ಡದಲ್ಲೇ ಇರುತ್ತದೆ. ಹುತ್ತದ ಬುಡಕ್ಕೆ ಮೂತಿ ಇಟ್ಟು ಗಾಳಿ ಊದಿ, ಮತ್ತೆ ಒಳಕ್ಕೆ ಎಳೆದು ಗೆದ್ದಲು ಹೀರುವ ಸದ್ದು ರಾತ್ರಿ ನೀರು ಹಾಯಿಸಲು ಹೋದವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಗುಡ್ಡದಲ್ಲಿ ದಿನಾ ಬ್ಲಾಸ್ಟಿಂಗ್ ಆದರೆ ಅದು ಎಲ್ಲಿಗೆ ಹೋಗಬೇಕು? ಮೆಕ್ಕೆಜೋಳದ ಹೊಲಕ್ಕೆ, ಶೇಂಗಾ ಹೊಲಕ್ಕೆ ಬರುತ್ತದೆ. ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ, ಎದುರಿಗೆ ಮನುಷ್ಯ ಕಂಡರೆ ಗಾಬರಿಯಲ್ಲಿ ಮೇಲೆ ಬೀಳುತ್ತದೆ, ಮುಖಕ್ಕೇ ಹಾಕುತ್ತದೆ. ಆನೆಗೊಂದಿ ಕಡೆ ಚಿರತೆಯಿಂದ ಜೀವವೇ ಹೋಗಿದೆ. ಆಮೇಲೆ ಅರಣ್ಯ ಇಲಾಖೆಯವರು ಬೋನು ತರುತ್ತಾರೆ, ಪರಿಹಾರದ ಅರ್ಜಿ ಬರೆಸಿಕೊಳ್ಳುತ್ತಾರೆ. ಕ್ವಾರಿಗೆ ಸಹಿ ಹಾಕಿದ ಕಡತಕ್ಕೂ ಈ ಪರಿಹಾರದ ಕಡತಕ್ಕೂ ಸಂಬಂಧ ಇದೆ ಅಂತ ಯಾವ ಸಭೆಯಲ್ಲೂ ಯಾರೂ ಕೇಳುವುದಿಲ್ಲ. ನೀವು ಕೇಳಬಹುದು, ಎರಡೂ ಕಡತ ಬರುವುದು ನಿಮ್ಮ ಮೇಜಿಗೇ ಅಲ್ವಾ.

ಗುಡ್ಡದ ಬುಡದಿಂದ ಶುರುವಾಗುವ ಹುಲ್ಲುಗಾವಲು, ಬಯಲಿನ ಬಗ್ಗೆಯೂ ಹೇಳಲೇಬೇಕು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ರಾಜ್ಯದ ಮೊದಲ ತೋಳ ಧಾಮ ಆಗಿದೆ. ಇದಕ್ಕಾಗಿ ದುಡಿದವರಿಗೆಲ್ಲ ಕೈಮುಗಿಯುತ್ತೇನೆ. ಆದರೆ ಅದರ ವಿಸ್ತಾರ 332 ಎಕರೆ ಚಿಲ್ಲರೆ. ಒಂದು ತೋಳದ ಗುಂಪಿಗೆ ಅಷ್ಟು ಜಾಗ ಒಂದು ರಾತ್ರಿಯ ಓಡಾಟಕ್ಕೂ ಸಾಲುವುದಿಲ್ಲ. ತೋಳ ಮರಿ ಹಾಕಲು ಬಂಕಾಪುರದ ಗುಡ್ಡ ಬೇಕು, ತಿನ್ನಲು ಬದುಕಲು ಸುತ್ತಲಿನ ಗಾಯರಾಣ, ಬೀಳು ಹೊಲ, ಹಳ್ಳದ ದಂಡೆ ಬೇಕು. ಅದೆಲ್ಲ ನಮ್ಮ ಕುರಿಗಳು ಮೇಯುವ ಜಾಗವೂ ಹೌದು. ಕುರಿಯವರ ಮಂದೆಯಿಂದ ತೋಳ ಕುರಿ ಒಯ್ಯುತ್ತದೆ, ನಷ್ಟ ಆಗುತ್ತದೆ, ಆದರೂ ತಲೆತಲಾಂತರದಿಂದ ಅವರು ತೋಳದ ಜೊತೆಗೇ ಬದುಕಿದ್ದಾರೆ. ಸತ್ತ ಕುರಿಗೆ ಪರಿಹಾರ ಬೇಗ ಸಿಕ್ಕರೆ ಸಾಕು, ತೋಳ ಕಾಯುವ ಕೆಲಸ ಅವರೇ ಮಾಡುತ್ತಾರೆ. ಆ ಬಯಲನ್ನು ಖಾಲಿ ಜಾಗ ಅಂತ ಬರೆದು ಬೇರೆ ಬೇರೆ ಯೋಜನೆಗೆ ತುಂಡು ತುಂಡಾಗಿ ಹಂಚಿದರೆ ತೋಳವೂ ಹೋಯಿತು, ಕುರಿಯೂ ಹೋಯಿತು.

ಸಿರುಗುಪ್ಪದ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ವಿಷಯ ಬರೆಯುವಾಗ ನನಗೆ ದುಃಖ ಆಗುತ್ತದೆ. ಎರೆ ಹೊಲದ ಹಕ್ಕಿ, ಸುಮಾರು ಒಂದು ಮೀಟರ್ ಎತ್ತರಕ್ಕೆ ಕತ್ತೆತ್ತಿ ನಡೆಯುವ ಹಕ್ಕಿ, ಗಂಡು 15 ಕಿಲೋವರೆಗೂ ತೂಗುತ್ತದೆ. ಸಾಕಿ ಬೆಳೆಸುತ್ತಿರುವವನ್ನು ಬಿಟ್ಟರೆ ಇಡೀ ದೇಶದಲ್ಲಿ ಈಗ ಉಳಿದಿರುವುದು ಸುಮಾರು 150 ಮಾತ್ರ. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಕಂಡದ್ದು ಸಿರುಗುಪ್ಪ ಸೀಮೆಯಲ್ಲಿ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಅದರ ಕಣ್ಣು ತಲೆಯ ಆಚೀಚೆ ಇರುವುದರಿಂದ ಹಾರುವಾಗ ಎದುರಿನ ಕರೆಂಟು ತಂತಿ ಸರಿಯಾಗಿ ಕಾಣುವುದಿಲ್ಲ, ಬಡಿದು ಸಾಯುತ್ತದೆ. ಗಾಳಿ ಕರೆಂಟು, ಸೋಲಾರ್ ಬೇಡ ಅಂತ ನಾನು ಹೇಳುವುದಿಲ್ಲ. ಯಲಬುರ್ಗಾ, ಕುಕನೂರು ಕಡೆ ಫ್ಯಾನುಗಳು ಸಾಲಾಗಿ ನಿಂತಿವೆ, ಕರೆಂಟು ನಮಗೂ ಬೇಕು. ತಂತಿ ಎಲ್ಲಿ ಎಳೆಯಬಾರದು ಅಂತ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ನದಿಯ ಮಾತು ಚಿಕ್ಕದಾಗಿ ಹೇಳುತ್ತೇನೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ನೀರುನಾಯಿ ಸಂರಕ್ಷಣಾ ಮೀಸಲು ಅಂತ 2015ರಲ್ಲಿ ಘೋಷಣೆ ಆಯಿತು. ನೀರುನಾಯಿ, ಮೊಸಳೆ, ಮೆದುಚಿಪ್ಪಿನ ಆಮೆ ಎಲ್ಲ ಅಲ್ಲಿವೆ. ಮೀನಿಗೆ ಸಿಡಿಮದ್ದು ಹಾಕುವುದು, ರಾತ್ರಿ ಮರಳು ತೆಗೆಯುವುದು ಮಾತ್ರ ನಿಂತಿಲ್ಲ. ಕಾಗದದ ಮೇಲೆ ಮೀಸಲು ಇದೆ, ದಂಡೆಯ ಮೇಲೆ ಕಾಯುವವರು ಬೇಕು.

ಇನ್ನು ಬೂದಿದಿಬ್ಬ. ಕುಡತಿನಿ, ಮಸ್ಕಿ, ಸಂಗನಕಲ್ಲು ಸುತ್ತಮುತ್ತ ಹೊಸ ಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳು. ಕೆಲವು ಕಡೆ ಬೆಂಕಿಯ ಕಾವು ಎಷ್ಟಿತ್ತು ಅಂದ್ರೆ ಬೂದಿ ಕರಗಿ ಗಾಜಿನಂಥ ಕಿಟ್ಟವಾಗಿದೆ. ದಕ್ಷಿಣ ಭಾರತದ ಈ ಸೀಮೆ ಬಿಟ್ಟರೆ ಇಂಥದ್ದು ಸಿಗುವುದು ಅಪರೂಪ. ರೈತರು ಒಳ್ಳೆಯ ಗೊಬ್ಬರ ಅಂತ ಬಂಡಿಯಲ್ಲಿ ತುಂಬಿ ಹೊಲಕ್ಕೆ ಒಯ್ದು ಎಷ್ಟೋ ದಿಬ್ಬ ಕರಗಿವೆ. ರೈತರ ತಪ್ಪಲ್ಲ, ಅದು ಏನು ಅಂತ ಅವರಿಗೆ ಹೇಳಿದವರೇ ಇಲ್ಲ, ಎಷ್ಟೋ ಕಡೆ ಒಂದು ಬೋರ್ಡು ಕೂಡ ಹಾಕಿಲ್ಲ.

ಈಗ ನೀವು ಕೇಳಬಹುದಾದ ಪ್ರಶ್ನೆಗೆ ಬರುತ್ತೇನೆ. ಮನೆಗೆ, ರಸ್ತೆಗೆ ಜಲ್ಲಿ ಬೇಡವಾ? ಎಂ-ಸ್ಯಾಂಡ್ ಬೇಡವಾ? ಬೇಕು. ಮರಳು ಸಿಗದೆ ಎಂ-ಸ್ಯಾಂಡಿಗೆ ಬಂದಿದ್ದೇವೆ, ಅದೂ ಗೊತ್ತು. ಕ್ವಾರಿಯಲ್ಲಿ ದುಡಿಯುವವರು ನಮ್ಮ ಊರಿನವರೇ. ಕಲ್ಲು ಒಡೆಯುವುದೇ ಕಸುಬಾದ ಮನೆತನಗಳಿವೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಮಾತು ನಾನು ಆಡುತ್ತಿಲ್ಲ. ನನ್ನ ಪ್ರಶ್ನೆ, ಹೊಸ ಗುಡ್ಡ ಯಾಕೆ? ಒಮ್ಮೆ ಒಡೆದ ಗುಡ್ಡದಲ್ಲಿ ಇನ್ನೂ ಕಲ್ಲಿದ್ದರೆ ಅದನ್ನೇ ಮುಗಿಸಿ. ಕುಷ್ಟಗಿ, ಇಳಕಲ್ ಸೀಮೆಯಲ್ಲಿ ಕೆಂಪು ಗ್ರಾನೈಟ್ ತೆಗೆಯುವ ಕಡೆ ಹೋಗಿ ನೋಡಿ. ಅಳತೆಗೆ ಬಂದ, ಬಿರುಕಿಲ್ಲದ ಬ್ಲಾಕು ಮಾತ್ರ ಲಾರಿ ಹತ್ತುತ್ತದೆ. ಉಳಿದದ್ದು ವೇಸ್ಟ್ ಅಂತ ಪಕ್ಕದಲ್ಲಿ ಬೆಟ್ಟದಷ್ಟು ಬಿದ್ದಿರುತ್ತದೆ. ಮೊದಲು ಆ ರಾಶಿ ಜಲ್ಲಿಯಾಗಲಿ. ಸರ್ಕಾರಿ ರಸ್ತೆ ಕಾಮಗಾರಿಯ ಟೆಂಡರಿನಲ್ಲೇ ಆ ಷರತ್ತು ಹಾಕಿದರೆ ಎಷ್ಟೋ ಗುಡ್ಡ ಉಳಿಯುತ್ತವೆ.

ಸಂಡೂರು ನಮ್ಮ ಕಣ್ಣ ಮುಂದೆಯೇ ಇದೆ. ಕಬ್ಬಿಣದ ಅದಿರಿಗಾಗಿ ಗಡಿಗಲ್ಲು ಸರಿಸಿ, ಕಾಡು ನುಗ್ಗಿ ಅಗೆದದ್ದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಯಲ್ಲಿದೆ. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈನಲ್ಲಿ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಒಂದೊಂದು ಗಣಿಯ ಗಡಿಯನ್ನೂ ಹೊಸದಾಗಿ ಅಳೆದರು, ಅಕ್ರಮ ಎಷ್ಟಾಗಿದೆ ಅಂತ ನೋಡಿ ಎ ಬಿ ಸಿ ಅಂತ ವಿಂಗಡಿಸಿದರು, 2013ರಲ್ಲಿ ಹೆಚ್ಚು ಅಕ್ರಮ ಇದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿದರು. ಈಗ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತಲೇ ದೊಡ್ಡ ಮೊತ್ತ, ಪ್ರತ್ಯೇಕ ನಿಗಮ ಎಲ್ಲ ಇದೆ. ಅಳತೆ, ನಕ್ಷೆ, ಪಟ್ಟಿ ಎಲ್ಲವೂ ಆಯಿತು, ಆದರೆ ಗುಡ್ಡ ಹೋದ ಮೇಲೆ. ಅದಿರಿನ ವಿಷಯದಲ್ಲಿ ಕೋರ್ಟ್ ಮಾಡಿಸಿದ ಕೆಲಸವನ್ನು ಕಲ್ಲುಗುಡ್ಡದ ವಿಷಯದಲ್ಲಿ ನೀವು ಮೊದಲೇ ಮಾಡಿ ಅಂತ ಕೇಳುವುದು ಜಾಸ್ತಿ ಆಯಿತಾ?

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆಯಲ್ಲಿ ಜಿಲ್ಲಾ ಸಮೀಕ್ಷಾ ವರದಿಯ ಮಾತಿದೆ. ಅದು ಮರಳಿಗಷ್ಟೇ ಅಲ್ಲ, ಕಲ್ಲಿನಂಥ ಉಪಖನಿಜಕ್ಕೂ ಬೇಕು. ಕರಡನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ 21 ದಿನ ಇಟ್ಟು ಜನರ ಅಭಿಪ್ರಾಯ ಕೇಳಬೇಕು, 5 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಕಲ್ಲಿದೆ ಅಂತ ಆ ವರದಿಯಲ್ಲಿ ಬರೆಯುತ್ತಾರೆ. ಅದೇ ಸರ್ವೆ ನಂಬರಿನ ಮುಂದೆ ಗವಿ ಇದೆಯಾ, ಚಿತ್ರ ಇದೆಯಾ, ಸಮಾಧಿ ಇದೆಯಾ, ಕರಡಿ ಚಿರತೆ ಓಡಾಟ ಇದೆಯಾ, ನೀರಿನ ದೊಣೆ ಇದೆಯಾ, ಜಾತ್ರೆ ಗುಡಿ ಇದೆಯಾ, ಕಲ್ಲಿನಲ್ಲೇ ಏನಾದರೂ ವಿಶೇಷ ಇದೆಯಾ ಅಂತ ಇನ್ನೊಂದು ಕಾಲಂ ಸೇರಿಸಿ. ಇರುವ ಕಡೆ ಗುತ್ತಿಗೆ ಇಲ್ಲ ಅಂತ ಬರೆಯಿರಿ. ಕರಡನ್ನು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇಟ್ಟು ಸುಮ್ನೆ ಇರಬೇಡಿ, ಕನ್ನಡದಲ್ಲಿ ಮಾಡಿ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಿ. ಡಂಗೂರ ಸಾರಿಸಿದರೆ ಇನ್ನೂ ಒಳ್ಳೆಯದು, ನಮ್ಮ ಹಳ್ಳಿಗಳಲ್ಲಿ ಅದು ಇನ್ನೂ ಎಲ್ಲರಿಗೂ ಕೇಳುತ್ತದೆ.

ನೋಡುವವರು ಯಾರು ಅಂದ್ರೆ, ಜನ ಇದ್ದಾರೆ. ಪ್ರತಿ ಪಂಚಾಯಿತಿಗೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಹೆಚ್ಚಿನ ಕಡೆ ಹೆಸರಿಗಷ್ಟೇ ಇದೆ, ಅದಕ್ಕೆ ಜೀವ ಕೊಡಿ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಭೂವಿಜ್ಞಾನ, ಇತಿಹಾಸ, ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಒಂದೊಂದು ಹೋಬಳಿ ಹಂಚಿ. ಜೊತೆಗೆ ಕುರಿಗಾಹಿ ಒಬ್ಬರನ್ನು ಕಳಿಸಿ, ಅವರಿಗೆ ದಿನದ ಕೂಲಿ ಕೊಡಿ. ಖರ್ಚಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ. 2015ರಿಂದ ಬಂದ ಆ ವ್ಯವಸ್ಥೆಯಲ್ಲಿ ಪರಿಸರ ರಕ್ಷಣೆ ಆದ್ಯತೆಯ ಬಾಬುಗಳಲ್ಲಿ ಒಂದು. ಗಣಿಯಿಂದ ಬಂದ ಹಣದಲ್ಲಿ ಒಂದು ಸಣ್ಣ ಪಾಲು ಗುಡ್ಡ ನೋಡುವುದಕ್ಕೆ ಹೋದರೆ ಯಾರು ಬೇಡ ಅನ್ನುತ್ತಾರೆ?

ಪಟ್ಟಿ ಆದ ಮೇಲೆ ತೀರಾ ಮುಖ್ಯವಾದ ಜಾಗಗಳಿಗೆ ದಾರಿಗಳಿವೆ. ಸರ್ಕಾರಿ ಜಾಗ ಆದರೆ ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಮಾಡಬಹುದು. ಅಂಕಸಮುದ್ರದ ಹಕ್ಕಿ ಕೆರೆ ಹಾಗೇ ಆದದ್ದು, ರೈತರ ನೀರಿನ ಹಕ್ಕು ಎಲ್ಲಿಗೂ ಹೋಗಲಿಲ್ಲ. ಜೀವವೈವಿಧ್ಯ ಪಾರಂಪರಿಕ ತಾಣ ಮಾಡಬಹುದು, ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲೇ ದೇಶದ ಮೊದಲ ತಾಣವಾಯಿತು. ಒಂದು ಹುಣಸೆ ತೋಪಿಗೆ ಸಿಕ್ಕ ಗೌರವ ನಮ್ಮ ಗುಡ್ಡಗಳಿಗೆ ಸಿಗಬಾರದಾ? ಚಿತ್ರ, ಸಮಾಧಿ ಇರುವ ಕಡೆ ರಾಜ್ಯದ 1961ರ ಪುರಾತತ್ವ ಕಾಯ್ದೆ ಇದೆ. ಯಾವುದನ್ನು ಎಲ್ಲಿ ಬಳಸಬೇಕು ಅಂತ ನಿಮ್ಮ ಕಚೇರಿಯವರಿಗೆ ಗೊತ್ತು.

ಸದ್ಯಕ್ಕೆ ಬೇಕಾದದ್ದು ಇಷ್ಟು. ಈ ನೋಡುವ ಕೆಲಸ ಮುಗಿಯುವವರೆಗೆ ಹೊಸ ಗುಡ್ಡಗಳ ಅರ್ಜಿಗಳನ್ನು ತಡೆಹಿಡಿಯಿರಿ. ನಡೆಯುತ್ತಿರುವ ಕ್ವಾರಿ ನಡೆಯಲಿ, ಹೊಸದಕ್ಕೆ ಮಾತ್ರ ತಡೆ. ಕ್ವಾರಿ ಅರ್ಜಿಗಳನ್ನು ನೋಡುವ ಜಿಲ್ಲಾ ಟಾಸ್ಕ್‌ಫೋರ್ಸ್ ಸಭೆಯಲ್ಲಿ ಯಾವ ಊರಿನ ಯಾವ ಸರ್ವೆ ನಂಬರಿನ ಅರ್ಜಿ ಚರ್ಚೆಗೆ ಬರುತ್ತಿದೆ ಅಂತ ಸಭೆಗೆ ಒಂದು ತಿಂಗಳು ಮೊದಲೇ ಆ ಪಂಚಾಯಿತಿಗೆ ತಿಳಿಸಿ. ಮತ್ತೆ, ಮೂವರೂ ಒಮ್ಮೆ ನೀವೇ ಬನ್ನಿ. ಸರ್ವೆಯವರನ್ನು, ಗಣಿ ಇಲಾಖೆಯವರನ್ನು, ಅರಣ್ಯ ಇಲಾಖೆಯವರನ್ನು ಕರೆದುಕೊಂಡು ಹಿರೇಗುಡ್ಡಕ್ಕೆ, ಮೊರೇರ ಗುಡ್ಡಕ್ಕೆ, ಅದಾದ ಮೇಲೆ ಅರ್ಜಿ ಬಂದಿರುವ ಯಾವುದಾದರೂ ಒಂದು ಹೆಸರಿಲ್ಲದ ಗುಡ್ಡಕ್ಕೆ. ಡಿಸೆಂಬರ್, ಜನವರಿಯಲ್ಲಿ ಬಂದರೆ ಒಳ್ಳೆಯದು, ಆಮೇಲೆ ಬಂಡೆ ಕಾಯುತ್ತದೆ. ಬೆಳಿಗ್ಗೆ ಆರೂವರೆಗೆ ಹತ್ತಲು ಶುರು ಮಾಡಿದರೆ ಓರೆ ಬಿಸಿಲಲ್ಲಿ ಚಿತ್ರಗಳು ಸರಿಯಾಗಿ ಕಾಣುತ್ತವೆ, ಹತ್ತಕ್ಕೆಲ್ಲ ಕೆಳಗೆ ಇಳಿದು ಕಚೇರಿಗೆ ಹೋಗಬಹುದು. ದಾರಿ ತೋರಿಸಲು ನಾವು ಊರಿನವರು ಬರುತ್ತೇವೆ, ರೊಟ್ಟಿ ಬುತ್ತಿಯೂ ತರುತ್ತೇವೆ. ದಿನಾಂಕ ಮಾತ್ರ ತಿಳಿಸಿ.

ಇಂತಿ ನಿಮ್ಮ,
ಗಂಗಾವತಿ ತಾಲ್ಲೂಕಿನ ಒಬ್ಬ ನಿವಾಸಿ